ಪಟೇಲರ ಉಯ್ಯಾಲೆ

"ಯಾವಳೇ ಅವ್ಳು, ನನ್ ತೊಲೆಗೆ ತೊಟ್ಲು ಕಟ್ದೋಳು? ಮುಂಡೇರಾ, ಸೊಪ್ಪು ಕಟ್ಟಕ್ಕೆ ಬಂದ್ರೋ, ಬಾಣಂತನ ಮಾಡ್ಕಳಕ್ಕೆ ಬಂದ್ರೋ?"

ಪಟೇಲ ಶಿವನಂಜಪ್ಪನ ಕೂಗಿಗೆ, ಚಪ್ಪರದಡಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರ ಕೈಗಳು ನಿಂತವು. ತೊಟ್ಟಿಲು ಎಂದರೆ ಅವರಲ್ಲೊಬ್ಬಳಾದ ಚಿಕ್ಕಬೀರಮ್ಮನ ಹಳೇ ಸೀರೆ. ಅದರೊಳಗೆ ಅವಳ ಹಾಲುಗೂಸು. ಕಟ್ಟಿದವಳು ಅವಳ ತಂಗಿ ಮಾಯಮ್ಮ.

"ನಾನೇ ಬುದ್ದಿ. ಮನೇಲಿ ನೋಡ್ಕಳಕ್ಕೆ ಯಾರವ್ರೆ? ಎಲ್ರೂ ನಿಮ್ ಸೊಪ್ಪಿನ ಮುಂದೇನೇ ಕುಂತವ್ರೆ."

"ಎದುರು ಮಾತಾಡ್ತೀಯಾ ಬೋಸುಡಿ! ಲೇ ದೇವಯ್ಯ, ಕುಯ್ದಾಕ್ಲಾ ಅದನ್ನ."

ದೇವಯ್ಯ ಮೇಸ್ತ್ರಿಯಾಗಿ ವಾರವೂ ತುಂಬಿರಲಿಲ್ಲ. ಊರವರು ಮೊದಲ ಸಲ ಓಟು ಹಾಕಿದ ವರ್ಷವದು. ಹೊಲಗೇರಿಯವನೊಬ್ಬ ಮೇಸ್ತ್ರಿಯಾದದ್ದೂ ಅಲ್ಲಿ ಅದೇ ಮೊದಲು. ಮೇಸ್ತ್ರಿಯಾದ ಮೇಲೇ ಮದುವೆ ಎಂದು ಮಾಯಮ್ಮನನ್ನು ಕಾಯಿಸುತ್ತಲೇ ಬಂದಿದ್ದ. ಈಗ ಕೈ ಹಿಂದೆ ಕಟ್ಟಿಕೊಂಡು, ಇಲ್ಲದ ಹೊಟ್ಟೆ ಮುಂದೆ ಮಾಡಿ ಓಡಾಡುತ್ತಿದ್ದ. ಅದನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳೂ ಮಾಯಮ್ಮನೇ.

ಈಗ ಅವಳು ನಗಲಿಲ್ಲ. ಕುಡುಗೋಲು ಹಿಡಿದು ಬಂದವನನ್ನೇ ನೋಡುತ್ತಾ ನಿಂತಳು. ದೇವಯ್ಯ ಸೀರೆಯೊಳಗೆ ಬಗ್ಗಿ ನೋಡಿದ. ಮಗು ಅವನ ಮೀಸೆಗೇ ಕೈ ಹಾಕಿತು. ಅವನಿಗೆ ನಗು ಬಂತು, ಕುಡುಗೋಲು ಕೆಳಗಿಟ್ಟ.

"ನನ್ ಕೈಲಾಗಕಿಲ್ಲ ಬುದ್ದಿ."

"ಆಗಕಿಲ್ವಾ? ಅಂಗಾರೆ ಮೇಸ್ತ್ರಿಕೆ ಬುಟ್ಟು ಓಗು. ಓಗ್ತಾ ಆ ಪಿಂಡಾನ ಎಲ್ಲಾರಾ ನೆಳ್ಳಲ್ಲಿ ಬಿಸಾಕು. ಸೊಪ್ಪು ಬಾಡ್ತಾ ಅದೆ ನಂದು!"

"ಎಲ್ಲಾರಾ ನೆಳ್ಳಲ್ಲಾ ಬುದ್ದಿ?"

"ಊಂ ಕಣ್ಲಾ!"

ದೇವಯ್ಯ ಸೀರೆ ಬಿಚ್ಚಿ ಮಗುವನ್ನು ಎತ್ತಿಕೊಂಡ. ಅಂಗಳ ದಾಟಿದ. ಕೇರಿಯವರು ಯಾರೂ ತುಳಿಯದ ಪಟೇಲರ ಮೆಟ್ಟಿಲು ಹತ್ತಿದ. ಜಗಲಿಯಲ್ಲಿ ತಣ್ಣಗೆ ತೂಗುತ್ತಿದ್ದ ಅವರ ಉಯ್ಯಾಲೆಯ ಮೇಲೆ ಮಗುವನ್ನು ಮಲಗಿಸಿ, ಬೀಳದ ಹಾಗೆ ಸೀರೆಯಿಂದ ಬಿಗಿದು, ಮೆಲ್ಲಗೆ ತಳ್ಳಿದ.

"ಅಯ್ಯಯ್ಯೋ! ಎತ್ಲಾ ಅದನ್ನ, ನಿನ್ನವ್ವನ್!"

"ನಾನು ಕೆಲ್ಸ ಬುಟ್ಟೋನು. ನೀವೇ ಎತ್ಕಳಿ ಬುದ್ದಿ."

ಪಟೇಲ ಜಗಲಿಗೆ ಓಡಿಬಂದು ಕೈ ಚಾಚಿದ. ಮುಟ್ಟಿದರೆ ಮೈಲಿಗೆ ಎಂಬುದು ನೆನಪಾಗಿ ಕೈ ಗಾಳಿಯಲ್ಲೇ ನಿಂತಿತು. ಉಯ್ಯಾಲೆ ಮುಂದೆ ಬಂತು, ಅವನು ಹಿಂದೆ ಸರಿದ. ಹಿಂದೆ ಹೋಯಿತು, ಅವನು ಮುಂದೆ ಬಂದ. ಮತ್ತೆ ಬಂತು. ಚಪ್ಪರದಡಿ ಯಾರೋ ಕಿಸಕ್ಕೆಂದರು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ಮಾಯಮ್ಮ ಹೊಟ್ಟೆ ಹಿಡಿದುಕೊಂಡು ಸೊಪ್ಪಿನ ರಾಶಿಯ ಮೇಲೇ ಕೂತಳು.

"ನಗ್ತೀರೇನ್ರೇ! ಬಂದು ಎತ್ರೇ!"

"ತೊಟ್ಲು ಕಟ್ಕಳಿ ಅನ್ನಿ, ಎತ್ಕತೀವಿ," ಎಂದಳು ಮಾಯಮ್ಮ.

ಪಟೇಲ ಬಾಡುತ್ತಿದ್ದ ರಾಶಿಯನ್ನು ನೋಡಿದ.

"ಕಟ್ಕೊಂಡು ಸಾಯ್ರಿ!"

ದೇವಯ್ಯ ಬಂದು ಮಾಯಮ್ಮನ ಪಕ್ಕ ಕುಕ್ಕರಿಸಿದ. "ಮೇಸ್ತ್ರಿಕೆ ಓಯ್ತಲ್ಲ ಮಾಯಿ. ಮದ್ವೆ?"

"ಮೇಸ್ತ್ರಿನ ಯಾವಳು ಕೇಳಿದ್ಲು? ನಾನು ಕಾದಿದ್ದು ನಿಂಗೆ ಕಣೋ, ಗೂಬೆ. ತಕೋ, ಸೊಪ್ಪು ಕಟ್ಟು."

ಚಿಕ್ಕಬೀರಮ್ಮ ನಿಧಾನವಾಗಿ ಎದ್ದು, ಸೆರಗು ಕೊಡವಿಕೊಂಡು ಜಗಲಿಯವರೆಗೆ ಹೋದಳು. ಉಯ್ಯಾಲೆ ನೋಡಿದವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಮಲಗವ್ಳೆ ಬುದ್ದಿ. ಎದ್ಮ್ಯಾಕೆ ಎತ್ಕತೀನಿ."

ಪಟೇಲ ಅಂಗಳದ ಬಿಸಿಲಲ್ಲಿ ನಿಂತಿದ್ದ.