ಗಿರಾಕಿಯ ಕುರ್ಚಿ

ನೆಬ್ರಾಸ್ಕಾದಿಂದ ಬಾಯ್ಸಿಯ ನಮ್ಮ ಗೃಹಸಾಲದ ಕಚೇರಿಗೆ ಬಂದು ಸೇರಿದ ವೆಂಡೆಲ್‌ಗೆ, ಇಲ್ಲಿ ಸಾಲ ಮಾಡಿಸಲು ಬೇಕಾದ ಐಡಾಹೊ ರಾಜ್ಯದ ಲೈಸೆನ್ಸ್ ಇನ್ನೂ ಸಿಕ್ಕಿರಲಿಲ್ಲ. ಅರ್ಜಿ ಇತ್ಯರ್ಥವಾಗುವವರೆಗೆ, ಹಳೇ ರಾಜ್ಯದ ಲೈಸೆನ್ಸ್ ಇದ್ದವರು ಕೆಲವು ತಿಂಗಳು ತಾತ್ಕಾಲಿಕವಾಗಿ ಜನರಿಗೆ ಮನೆ ಸಾಲ ಮಾಡಿಸಬಹುದು ಎನ್ನುತ್ತದೆ ಕಾನೂನು. ಅವನು ಮಾಡಿಸುತ್ತಿದ್ದ. ನನಗಿಂತ ಜಾಸ್ತಿಯೇ ಮಾಡಿಸುತ್ತಿದ್ದ, ಆ ಹೊಟ್ಟೆಯುರಿ ಬೇರೆ. ವಾಸ ಮಾತ್ರ ಹೆದ್ದಾರಿ ಪಕ್ಕದ ಮೋಟೆಲ್‌ನಲ್ಲಿ.

ಒಂದು ಮಧ್ಯಾಹ್ನ ಅವನು ನನ್ನೆದುರಿನ ಗಿರಾಕಿಗಳ ಕುರ್ಚಿಯಲ್ಲಿ ಬಂದು ಕೂತು, ನನ್ನ ಮೇಜಿನ ಮೇಲಿನ ಬಟ್ಟಲಿನಿಂದ ಒಂದು ಪೆಪ್ಪರ್‌ಮಿಂಟ್ ಎತ್ತಿಕೊಂಡ.

"ಅದು ಗಿರಾಕಿಗಳಿಗೆ," ಎಂದೆ.

"ಈಗ ನಾನೂ ಗಿರಾಕೀನೇ ಕಣೇ ಲೊರೇನ್. ಒಂದು ಮನೆ ನೋಡಿದೀನಿ. ನನ್ನ ಸಾಲ ನಾನೇ ಮಾಡಿಸ್ಕೊಳ್ಳೋ ಹಾಗಿಲ್ವಲ್ಲ, ನೀನು ಮಾಡಿಸ್ಕೊಡು."

"ಕೆಲಸ ಕಾಯಂ ಆಗಿದ್ಯಾ?"

"ಲೈಸೆನ್ಸ್ ಬಂದ್ರೆ ಕಾಯಂ."

"ಬರ್ಲಿಲ್ಲ ಅಂದ್ರೆ?"

ಅವನು ಪೆಪ್ಪರ್‌ಮಿಂಟನ್ನು ಬೆರಳುಗಳ ನಡುವೆ ಹೊರಳಿಸಿದ.

"ಹೋದ ವಾರ ಕಾಂಟ್ರಾಕ್ಟ್ ಮೇಲಿರೋ ನರ್ಸ್ ಒಬ್ರು ನಿನ್ನ ಹತ್ರ ಬಂದಿದ್ರಲ್ಲ, ಅವ್ರಿಗೆ ನೀನೇನಂದೆ?" ಎಂದು ಕೇಳಿದೆ.

"ಮೊದ್ಲು ಕೆಲಸ ಗಟ್ಟಿ ಆಗ್ಲಿ, ಆಮೇಲೆ ಬನ್ನಿ ಅಂದೆ."

"ಅವ್ರು ಅತ್ಬಿಟ್ರು ಕಣೋ."

"ನಾನು ಅಳಲ್ಲ ಬಿಡು."

ಪೆಪ್ಪರ್‌ಮಿಂಟನ್ನು ಬಟ್ಟಲಿಗೆ ವಾಪಸು ಹಾಕಿ, ಗಿರಾಕಿಗಳು ಮಾಡುವಂತೆಯೇ ನನ್ನ ಕೈ ಕುಲುಕಿ, ತನ್ನ ಮೇಜಿಗೆ ಹೋದ. ಅಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ಸಾಲ ಮಾಡುವುದೋ ಬೇಡವೋ ಎಂದು ಮುಖ ಮುಖ ನೋಡಿಕೊಳ್ಳುತ್ತಾ ಕೂತಿತ್ತು.

ವೆಂಡೆಲ್ ತನ್ನ ಮೇಜಿನ ಬಟ್ಟಲನ್ನು ಅವರತ್ತ ಸರಿಸಿದ.

"ತಗೊಳ್ಳಿ, ತಗೊಳ್ಳಿ. ಎಷ್ಟು ದಿನಾಂತ ಇನ್ನೊಬ್ರ ಸೂರಿನಡಿ ಇರ್ತೀರಾ?"