ತಲೆಕಟ್ಟು ಮುರಿದ ಅಕ್ಷರ

ಗ್ರಂಥಾಲಯದ ಸಭಾಂಗಣದಲ್ಲಿ ಕುರ್ಚಿಗಳನ್ನು ಸಾಲಾಗಿ ಜೋಡಿಸಿ, ಮೇಜಿನ ಮೇಲೆ ನೀರಿನ ಲೋಟಗಳನ್ನಿಟ್ಟು, ದರ್ಜಿಯ ಮಗಳು ಬಾಗಿಲ ಬಳಿ ನಿಂತಳು. ಅವಳು ತುಂಬಿದ ಲೋಟಗಳು ಸಭೆ ಮುಗಿದ ಮೇಲೂ ತುಂಬಿಯೇ ಇರುತ್ತಿದ್ದವು. ಅದಕ್ಕೆ ಅವಳೂ ಒಗ್ಗಿಹೋಗಿದ್ದಳು.

ಅಚ್ಚುಮೊಳೆ ಜೋಡಿಸುತ್ತಲೇ ಆಯುಷ್ಯ ಸವೆಸಿದ್ದರಿಂದ ‘ಮೊಳೆ ತಾತ’ ಎಂದೇ ಹೆಸರಾದ ಮುದುಕರು ಮುಂದಿನ ಸಾಲಿನಲ್ಲಿದ್ದರು. ಕ್ರಾಂತಿಯ ಕರಪತ್ರ ಅಚ್ಚು ಹಾಕಿದವರಲ್ಲಿ ಉಳಿದವರು ಅವರೊಬ್ಬರೇ.

“ಕಣ್ಣು ಮುಚ್ಚಬೇಡಿ ತಾತ, ನಿಮ್ಮನ್ನೂ ಇತಿಹಾಸಕ್ಕೆ ಸೇರಿಸಿಬಿಡ್ತಾರೆ!” ಎಂದ ಪಕ್ಕದ ಕ್ಷೌರಿಕ.

ಊರಿನ ಇತಿಹಾಸದ ಪುಸ್ತಕ ಬರೆದ ನಿವೃತ್ತ ಮೇಷ್ಟರು ಮಾತು ಆರಂಭಿಸಿದರು. “ಮೊದಲ ಕರಪತ್ರ ಹೊರಟಿದ್ದೇ ನಮ್ಮೂರಿಂದ. ಮೂರೇ ದಿನಕ್ಕೆ ಪೊಲೀಸರು ಮುದ್ರಣಾಲಯಕ್ಕೆ ನುಗ್ಗಿದರು. ಇಬ್ಬರು ಸೆರೆಮನೆಯಲ್ಲೇ ಸತ್ತರು. ಸುಳಿವು ಕೊಟ್ಟವನು ಪಕ್ಕದಂಗಡಿಯ ದರ್ಜಿ. ಠಾಣೆಗೆ ಹೋದವನು ಅದೇ ದಿನ ಬಿಡುಗಡೆಯಾಗಿ ಬಂದ, ಇನ್ನೇನು ಸಾಕ್ಷಿ ಬೇಕು?”

ಪರದೆಯ ಮೇಲೆ ಕರಪತ್ರ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಮೂರನೆಯ ಸಾಲಿನಲ್ಲಿ ತಲೆಕಟ್ಟು ಮುರಿದ ಒಂದು ‘ನ’. ಮೊಳೆ ಸಾಲದೆ, ಕರಗಿಸಲು ಎತ್ತಿಟ್ಟಿದ್ದ ಡಬ್ಬಿಯಿಂದ ಅದನ್ನು ಹೆಕ್ಕಿ ಜೋಡಿಸಿದವರು ತಾತನೇ. ಕರಪತ್ರಕ್ಕೂ ಹಿಂದಿನ ವಾರ, ಮುದ್ರಣಾಲಯದ ಹೆಸರು ಹೊತ್ತು ಹೊರಟ ಮದುವೆಯ ಕರೆಯೋಲೆಗೂ ಅವರು ಅದೇ ಮೊಳೆ ಬಳಸಿದ್ದರು. ಎರಡನ್ನೂ ಅಕ್ಕಪಕ್ಕ ಹಿಡಿದು ಪೊಲೀಸ್ ಅಧಿಕಾರಿ ಅವರೆದುರೇ ನಕ್ಕಿದ್ದ. ಊರು ದರ್ಜಿಯತ್ತ ಬೆರಳು ತೋರಿಸಿದಾಗ ಮಾತ್ರ ಅವರ ನಾಲಿಗೆ ಹೊರಳಲಿಲ್ಲ. ಹೊರಳದೆ ಐವತ್ತೆರಡು ವರ್ಷಗಳು ಕಳೆದಿದ್ದವು.

ತಾತ ಎದ್ದು ನಿಂತರು. “ದರ್ಜಿ ಹೇಳಲಿಲ್ಲ. ಹಿಡಿದುಕೊಟ್ಟಿದ್ದು ಆ ಮುರಿದ ಅಕ್ಷರ. ಜೋಡಿಸಿದ್ದು ನಾನು.”

ಮೇಷ್ಟರು ಮೃದುವಾಗಿ ನಕ್ಕರು. “ವಯಸ್ಸಾಯ್ತಲ್ಲ ತಾತ. ಪುಸ್ತಕವೇ ಅಚ್ಚಾಗಿಹೋಗಿದೆ, ಕೂತ್ಕೊಳ್ಳಿ.”

ಯಾರೋ ಕನಿಕರದಿಂದ ಚಪ್ಪಾಳೆ ತಟ್ಟಿದರು. ಸಭೆ ಮುಗಿಯಿತು, ತಾತ ಒಬ್ಬರನ್ನು ಬಿಟ್ಟು ಸಭಾಂಗಣ ಬರಿದಾಯಿತು.

ದರ್ಜಿಯ ಮಗಳು ಲೋಟಗಳ ನೀರನ್ನು ಒಂದೊಂದಾಗಿ ಚೆಲ್ಲುತ್ತಾ ಬಂದಳು. “ಅಪ್ಪ ಸಾಯೋವರೆಗೂ ಕತ್ತರಿಗೆ ಸಾಣೆ ಹಿಡಿಸ್ತಿದ್ದರು, ಯಾರಾದರೂ ಬಟ್ಟೆ ತರ್ತಾರೆ ಅಂತ. ನೀವು ದಿನಾ ಅದೇ ಬೀದೀಲಿ ಹೋಗ್ತಿದ್ರಿ.”

“ಹೆದರಿಕೆ ಕಣಮ್ಮ.”

“ನಮಗಿರಲಿಲ್ವಾ?”

ತಾತ ಬಾಗಿಲತ್ತ ನಡೆದರು. ಅಲ್ಲಿನ ಮೇಜಿನ ಮೇಲೆ ಊರಿನ ಇತಿಹಾಸದ ಹೊಸ ಪುಸ್ತಕಗಳಿದ್ದವು. ಒಂದನ್ನು ತೆರೆದು, ಇಪ್ಪತ್ತಮೂರನೆಯ ಪುಟದಲ್ಲಿ ದರ್ಜಿಯ ಹೆಸರಿದ್ದ ಸಾಲನ್ನು ಹೊಡೆದುಹಾಕಿ, ಕರಡು ತಿದ್ದುವವರ ಗುರುತನ್ನು ಅಂಚಿನಲ್ಲಿ ಹಾಕಿ, ಕೆಳಗೆ ತಮ್ಮ ಹೆಸರು ಬರೆದರು. ಆಮೇಲೆ ಇನ್ನೊಂದು. ಮತ್ತೊಂದು.

“ಬೀಗ ಹಾಕಬೇಕು,” ಎಂದಳು ಅವಳು. ತಿದ್ದಿದ ಪುಟವೊಂದನ್ನು ನೋಡಿ, “ಶಾಲೆಗಳಿಗೆ ಆಗಲೇ ಮುನ್ನೂರು ಹೋಗಿವೆ,” ಎಂದಳು.

ತಾತನ ಲೇಖನಿ ಒಂದು ಗಳಿಗೆ ನಿಂತಿತು, ಮತ್ತೆ ಚಲಿಸಿತು.

ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಪುಸ್ತಕಗಳ ಮುಂದಿನ ಕಟ್ಟಿನ ದಾರ ಬಿಚ್ಚಿದಳು.