ಹತ್ತಿಯ ತುಂಡು

"ಎಳೀಬೇಡ, ನೀರು ಹಾಕಿ ನೆನೆಸು. ಅವರಿಗೆ ನೋಯತ್ತೆ," ಎಂದರು ಅತ್ತಿಗೆ.

ಅಣ್ಣನಿಗೆ ನೋಯುವುದೆಲ್ಲ ಬೆಳಗಿನ ಜಾವಕ್ಕೇ ಮುಗಿದಿತ್ತು. ಆದರೂ ತಮ್ಮ ನೀರು ಚಿಮುಕಿಸಿ, ನಿನ್ನೆಯ ಡಯಾಲಿಸಿಸ್ಸಿನ ಪ್ಲಾಸ್ಟರನ್ನು ಮೆಲ್ಲಗೆ ಬಿಡಿಸಿದ. ಅಡಿಯ ಹತ್ತಿಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಆರು ವರ್ಷ, ವಾರಕ್ಕೆ ಮೂರು ಸಲ ಚುಚ್ಚಿಸಿಕೊಂಡ ತೋಳು ಗಂಟುಗಂಟಾಗಿ ಉಬ್ಬಿತ್ತು. ಹೊಲಿಗೆ ಮೆಶಿನ್ ರಿಪೇರಿಯ ಅಣ್ಣ ನಗುತ್ತಿದ್ದ: "ಜನ್ಮವಿಡೀ ಸೂಜಿ ಹಾಕಿದ್ದಕ್ಕೆ ಈಗ ಸೂಜಿಗಳು ಸೇಡು ತೀರಿಸ್ಕೋತಿವೆ ಕಣೋ."

ನೆನೆದು ಮತ್ತೆ ಕೆಂಪು ಬಿಡುತ್ತಿದ್ದ ಒದ್ದೆ ಹತ್ತಿಯನ್ನು ತಮ್ಮ ಕೈಯಲ್ಲಿ ಹಿಡಿದೇ ಕುಳಿತ.

*

ಮೂರು ವರ್ಷದ ಹಿಂದೆ, ಕಿಡ್ನಿ ಕೊಡುತ್ತೇನೆಂದು ಅವನೇ ಮುಂದೆ ಬಂದಿದ್ದ. ರಕ್ತಪರೀಕ್ಷೆಗೆ ಲ್ಯಾಬಿನ ಬಾಗಿಲವರೆಗೂ ಹೋದ. ಅಲ್ಲಿಂದಲೇ ಹಿಂದಿರುಗಿದ. ಮಕ್ಕಳ ಮುಖ ನೆನಪಾಯಿತೆಂದು ಆಮೇಲೆ ಸಬೂಬು ಹೇಳಿಕೊಂಡ. ನಿಜಕ್ಕೂ ಹೆದರಿದ್ದ, ಅಷ್ಟೆ. ಎದುರಿನ ಔಷಧದಂಗಡಿಯಲ್ಲಿ ಹತ್ತಿ, ಪ್ಲಾಸ್ಟರ್ ಕೊಂಡು ತಾನೇ ಮೊಣಕೈ ಮಡಿಕೆಗೆ ಅಂಟಿಸಿಕೊಂಡ. ಹೇಡಿತನಕ್ಕೂ ಎಷ್ಟೊಂದು ಸಿದ್ಧತೆ ಬೇಕು!

"ರಕ್ತ ಕೊಟ್ಬಂದೆ ಅಣ್ಣ."

ಅಂಗಡಿಯಲ್ಲಿ ಮೆಶಿನ್ನಿಗೆ ಎಣ್ಣೆ ಬಿಡುತ್ತಿದ್ದ ಅಣ್ಣ ಎದ್ದು ಬಂದ. "ತೋರ್ಸು. ಜಾಸ್ತಿ ಹೊತ್ತು ಬಿಟ್ರೆ ತುರಿಸತ್ತೆ," ಎನ್ನುತ್ತ ಪ್ಲಾಸ್ಟರನ್ನು ಕಿತ್ತೇಬಿಟ್ಟ. ಹತ್ತಿ ಬೆಳ್ಳಗಿತ್ತು. ಅಣ್ಣ ಅದನ್ನು ಮುದುರಿ ಜೇಬಿಗೆ ಹಾಕಿಕೊಂಡು, "ಕೂತ್ಕೋ, ಚಹಾ ಹೇಳ್ತೀನಿ," ಎಂದ. ಒಂದೇ ಚಹಾ ಬಂತು. ಅಣ್ಣನಿಗೆ ಕುಡಿಯುವ ನೀರಿಗೂ ಅಳತೆಯಿತ್ತು.

ವಾರ ಕಳೆದು, "ಹೊಂದಲ್ವಂತೆ," ಎಂದಾಗಲೂ ಅಣ್ಣ, "ಹೋಗ್ಲಿ ಬಿಡು," ಎಂದನಷ್ಟೆ. ನೋಡಿದ್ದನೋ, ಇಲ್ಲವೋ? ಕೇಳುವ ಎದೆಗಾರಿಕೆ ತಮ್ಮನಿಗೆ ಕೊನೆಗೂ ಬರಲಿಲ್ಲ. ಯಾರು ಕಿಡ್ನಿಯ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ.

*

"ನನ್ನ ತಮ್ಮನೂ ಇದಾನೆ," ಎಂದರು ಬಾಗಿಲಲ್ಲಿ ನಿಂತ ಡ್ರಿಲ್ ಮೇಷ್ಟ್ರು. ಡಯಾಲಿಸಿಸ್ಸಿನಲ್ಲಿ ಅಣ್ಣನ ಪಕ್ಕದ ಮಂಚದವರು. ನಿನ್ನೆಯೂ ಜೊತೆಗಿದ್ದರು. "ಕಿಡ್ನಿ ಅಂದಿದ್ದೇ ತಡ, ಫೋನ್ ನಂಬರ್ ಬದಲಾಯಿಸ್ಬಿಟ್ಟ."

"ನಮ್ಮನೇಲಿ ಹಾಗಲ್ಲ ಮೇಷ್ಟ್ರೇ." ಅತ್ತಿಗೆ ಮೈದುನನ ಬೆನ್ನ ಮೇಲೆ ಕೈಯಿಟ್ಟರು. "ಇವನು ಓಡ್ಹೋಗಿ ರಕ್ತ ಕೊಟ್ಟ. ಹೊಂದ್ಲಿಲ್ಲ, ಏನ್ಮಾಡ್ತಾನೆ? ಹತ್ತಿಯೆಲ್ಲ ಕೆಂಪಾಗಿತ್ತಂತೆ. ಇವರು ಕಣ್ಣಾರೆ ನೋಡಿ ಬಂದು ಊಟಾನೇ ಮಾಡ್ಲಿಲ್ಲ. 'ಪಾಪ, ಅವನನ್ನ ಯಾರೂ ಏನೂ ಅನ್ಬೇಡಿ' ಅಂದ್ರು."

ಅಣ್ಣ ನೋಡಿದ್ದ. ನೋಡಿ, ಮನೆಗೆ ಬಂದು, ತಮ್ಮನಿಗಾಗಿ ಸುಳ್ಳು ಹೇಳಿದ್ದ.

ಕೈಯಲ್ಲಿದ್ದ ಒದ್ದೆ ಹತ್ತಿಯನ್ನು ಅವನು ಮುದುರಿ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ.

"ಗಾಡಿ ಬಂತು," ಎಂದು ಹೊರಗಿನಿಂದ ಯಾರೋ ಕೂಗಿದರು. ಅಣ್ಣನನ್ನು ಎತ್ತಲು ಬಗ್ಗಿದವನನ್ನು ಮೇಷ್ಟ್ರು ತಡೆದರು. "ಏನಯ್ಯ, ಎದೆ ಹತ್ರ ರಕ್ತ?"

ಜೇಬಿನ ಮೇಲೆ ಕಲೆ ಹರಡಿತ್ತು. ಆರು ವರ್ಷದ ಅಭ್ಯಾಸ; ಅತ್ತಿಗೆ ಕಪಾಟಿನಿಂದ ಹೊಸ ಹತ್ತಿ ತಂದು ಅಲ್ಲಿ ಒತ್ತಿ ಹಿಡಿದರು.

"ನಂದಲ್ಲ ಅತ್ತಿಗೆ," ಎಂದ ತಮ್ಮ. "ಅದು ನನ್ನ ರಕ್ತ ಅಲ್ಲ. ನಾನು ಕೊಡ್ಲೇ ಇಲ್ಲ..."

"ಸುಮ್ನಿರು, ಅಲ್ಲಾಡ್ಬೇಡ," ಎಂದರು ಅತ್ತಿಗೆ. ಅವರ ಬೆರಳಡಿಯಲ್ಲಿ ಬಿಳಿ ಹತ್ತಿ ನಿಧಾನವಾಗಿ ಕೆಂಪಾಗುತ್ತಿತ್ತು.